ಸಜ್ಜದ ಮೇಲಿನ ಮುಳ್ಳು: ಪಾರಿವಾಳವನ್ನು ಮನೆಯಿಂದ ದೂರವಿಡುವ ಪ್ರಶ್ನೆ

ಬೆಂಗಳೂರಿನ ಯಾವ ಹೊಸ ಬಡಾವಣೆಯಲ್ಲಾದರೂ ತಲೆ ಎತ್ತಿ ನೋಡಿ. ಬಾಲ್ಕನಿಗಳಿಗೆ ನೈಲಾನ್ ಬಲೆ ಬಿಗಿದಿರುತ್ತಾರೆ. ಬಲೆ ಕಟ್ಟಲಾಗದ ಕಡೆ, ಅಂದರೆ ಕಿಟಕಿಯ ಸಜ್ಜ, ಎಸಿ ಪೆಟ್ಟಿಗೆಯ ನೆತ್ತಿ, ಪ್ಯಾರಾಪೆಟ್ಟಿನ ಅಂಚುಗಳಲ್ಲಿ ಉಕ್ಕಿನ ಕಡ್ಡಿಗಳು ಸಾಲಾಗಿ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ಅಂಗಡಿಯವರು ಇದನ್ನು ಬರ್ಡ್ ಸ್ಪೈಕ್ ಎನ್ನುತ್ತಾರೆ, ಹಾಕಿಸಿಕೊಂಡವರು ಮುಳ್ಳು ಎನ್ನುತ್ತಾರೆ. ಹತ್ತಿಪ್ಪತ್ತು ವರ್ಷದ ಹಿಂದೆ ನಮ್ಮ ಊರುಗಳಲ್ಲಿ ಕಾಣದಿದ್ದ ಈ ವಸ್ತು ಈಗ ಪೊರಕೆಯಷ್ಟೇ ಸಾಮಾನ್ಯವಾಗಿ ಸಿಗುತ್ತದೆ.

ಇದನ್ನು ಹಾಕಿಸಬೇಕೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಒಂದು ಮನೆಯ ಒಂದು ಕಿಟಕಿಗೆ ಸೇರಿದ್ದು. ಅಪಾರ್ಟ್‌ಮೆಂಟಿನ ಸಭೆಯಲ್ಲಿ ಅದನ್ನು ಎತ್ತಿ ನೋಡಿ. ಶ್ವಾಸಕೋಶದ ರೋಗ, ಜೀವದಯೆ, ಕಟ್ಟಡದ ವಿನ್ಯಾಸ, ಕಾಳು ಹಾಕುವ ಪುಣ್ಯ, ನೆರೆಹೊರೆಯ ಜಗಳ ಎಲ್ಲವೂ ಒಟ್ಟಿಗೆ ಮೇಜಿನ ಮೇಲೆ ಬಂದು ಬೀಳುತ್ತವೆ. ಪ್ರತಿಯೊಬ್ಬರೂ ಹೇಳುವುದರಲ್ಲಿ ಒಂದಿಷ್ಟು ನಿಜವಿದೆ. ಆದ್ದರಿಂದ ಒಂದೊಂದು ವಾದವನ್ನೂ ಬಿಡಿಸಿ ನೋಡುವುದು ಅಗತ್ಯ.

ಬಂಡೆಯಿಂದ ಸಜ್ಜಕ್ಕೆ

ನಮ್ಮ ಕಿಟಕಿಗೆ ಬರುವ ಪಾರಿವಾಳದ ವೈಜ್ಞಾನಿಕ ಹೆಸರು ಕೊಲಂಬಾ ಲಿವಿಯಾ. ಮೂಲತಃ ಇದು ಕಡಿದಾದ ಬಂಡೆಗಳ ಹಕ್ಕಿ. ಜೋಗದ ಪ್ರಪಾತದ ಗೋಡೆಯಲ್ಲಿ ಬಾನಾಡಿಗಳ ಜೊತೆಗೆ ಪಾರಿವಾಳಗಳೂ ಹಾರಾಡುವುದನ್ನು ಕಂಡವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮನುಷ್ಯ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕೆ, ಗೊಬ್ಬರಕ್ಕೆ, ಸುದ್ದಿ ಸಾಗಿಸಲಿಕ್ಕೆ ಸಾಕಿದ. ಸಾಕಿದ್ದು ತಪ್ಪಿಸಿಕೊಂಡು ಊರಿನಲ್ಲೇ ಉಳಿಯಿತು. ಡಾರ್ವಿನ್ 1859ರ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲೇ ಸಾಕು ಪಾರಿವಾಳದ ಎಲ್ಲ ತಳಿಗಳೂ ಈ ಒಂದೇ ಬಂಡೆಯ ಹಕ್ಕಿಯಿಂದ ಬಂದವು ಎಂದು ವಾದಿಸಿದ.

ಮರದ ಕೊಂಬೆಗಿಂತ ಚಪ್ಪಟೆಯಾದ ಅಂಚು ಇದಕ್ಕೆ ಪ್ರಿಯ. ಮೇಲೊಂದು ಸೂರು, ಹಿಂದೊಂದು ಗೋಡೆ, ಮುಂದೆ ಬಯಲು ಇದ್ದರೆ ಸಾಕು. ನಾಲ್ಕು ಕಡ್ಡಿ ಹಾಕಿ ಎರಡು ಮೊಟ್ಟೆ ಇಡುತ್ತದೆ, ಸುಮಾರು 18 ದಿನ ಕಾವು ಕೊಡುತ್ತದೆ. ಮರಿಗಳಿಗೆ ಮೊದಲ ದಿನಗಳಲ್ಲಿ ತಂದೆತಾಯಿ ಇಬ್ಬರ ಗಂಟಲ ಚೀಲದಲ್ಲೂ ಹಾಲಿನಂಥ ದ್ರವ ಊರುತ್ತದೆ. ಹುಳುಹುಪ್ಪಟೆ ಹುಡುಕಿ ತರುವ ಕಷ್ಟ ಇಲ್ಲದ್ದರಿಂದ ಕಾಳು ಸಿಗುವ ಕಡೆ ವರ್ಷಕ್ಕೆ ಐದಾರು ಸಲವೂ ಮರಿ ಮಾಡಬಲ್ಲದು. ಇಳಿಜಾರಿನ ಹೆಂಚಿನ ಮನೆಗಳು ಹೋಗಿ ಕಾಂಕ್ರೀಟಿನ ಚಪ್ಪಟೆ ಸಜ್ಜಗಳು, ಡಕ್ಟುಗಳು, ಎಸಿ ಪೆಟ್ಟಿಗೆಗಳು ಬಂದಾಗ ನಾವು ನಮಗೆ ತಿಳಿಯದೆಯೇ ಅದಕ್ಕೆ ಹೊಸ ಬಂಡೆಗಳನ್ನು ಕಟ್ಟಿಕೊಟ್ಟೆವು.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹಕ್ಕಿವೀಕ್ಷಕರು ದಾಖಲಿಸಿದ ಮಾಹಿತಿಯ ಆಧಾರದ ಮೇಲೆ 942 ಜಾತಿಗಳನ್ನು ಪರಿಶೀಲಿಸಿತು. ದೀರ್ಘಕಾಲದ ಲೆಕ್ಕ ಸಿಕ್ಕಿದ ಹಕ್ಕಿಗಳಲ್ಲಿ ಹೆಚ್ಚಿನವು ಇಳಿಮುಖ. ಪಾರಿವಾಳ ಮಾತ್ರ 2000ಕ್ಕೆ ಹಿಂದಿನ ಮಟ್ಟಕ್ಕಿಂತ ಶೇಕಡಾ 150ಕ್ಕೂ ಹೆಚ್ಚು ಏರಿದೆ. ಮುಳ್ಳಿನ ವ್ಯಾಪಾರ ಬೆಳೆದದ್ದು ಈ ಏರಿಕೆಯ ಬೆನ್ನಿಗೇ.

ಮುಳ್ಳಿನ ಹಳೆಯ ಕಥೆ

ಹಕ್ಕಿ ಕೂರದಂತೆ ಲೋಹದ ಕಡ್ಡಿ ನೆಡುವ ಉಪಾಯ ಹೊಸದಲ್ಲ. ಕ್ರಿಸ್ತಪೂರ್ವ 414ರಲ್ಲಿ ಅಥೆನ್ಸಿನ ರಂಗಕ್ಕೆ ಬಂದ ಅರಿಸ್ಟೋಫೇನಿಸನ ‘ಹಕ್ಕಿಗಳು’ ನಾಟಕದಲ್ಲಿ ಹಕ್ಕಿಗಳ ಮೇಳ ತೀರ್ಪುಗಾರರನ್ನು ಹೆದರಿಸುತ್ತದೆ: ನಮಗೆ ಬಹುಮಾನ ಕೊಡದಿದ್ದರೆ ವಿಗ್ರಹಗಳ ಹಾಗೆ ತಲೆಯ ಮೇಲೆ ‘ಮೆನಿಸ್ಕೋಸ್’ ಎಂಬ ಲೋಹದ ರಕ್ಷೆ ಇಟ್ಟುಕೊಂಡು ಓಡಾಡಬೇಕಾದೀತು ಎಂದು. ಅಕ್ರೊಪೊಲಿಸಿನಲ್ಲಿ ಸಿಕ್ಕ ಕೆಲವು ಪ್ರಾಚೀನ ಸ್ತ್ರೀ ವಿಗ್ರಹಗಳ ನೆತ್ತಿಯಲ್ಲಿ ಲೋಹದ ಕಡ್ಡಿ ನೆಟ್ಟ ಗುರುತಿದೆ. ಅದು ಹಕ್ಕಿ ಓಡಿಸುವ ಮುಳ್ಳೋ, ಯಾವುದಾದರೂ ಅಲಂಕಾರ ಹಿಡಿದಿಡುವ ಆಧಾರವೋ ಎಂದು ಬ್ರುನಿಲ್ಡ್ ರಿಡ್ಜ್‌ವೇ ಅವರಂಥ ಕಲಾ ಇತಿಹಾಸಕಾರರು ಚರ್ಚಿಸಿದ್ದಾರೆ. ಯೂರಿಪಿಡಿಸನ ‘ಅಯಾನ್’ ನಾಟಕದ ಹುಡುಗನಿಗಂತೂ ಡೆಲ್ಫಿಯ ದೇವಾಲಯದ ಅಂಗಳ ಗುಡಿಸುವುದು, ಬಿಲ್ಲು ಹಿಡಿದು ಹಕ್ಕಿಗಳನ್ನು ಬೆದರಿಸುವುದು ಇವೇ ಕೆಲಸ.

ನಮ್ಮಲ್ಲಿ ಮುಳ್ಳಿನ ನೆನಪಿಲ್ಲ, ಆದರೆ ಹಕ್ಕಿಯ ಬಗ್ಗೆ ಎರಡು ಮನಸ್ಸಿನ ನೆನಪು ಗಟ್ಟಿಯಾಗಿದೆ. ಋಗ್ವೇದದ ಹತ್ತನೆಯ ಮಂಡಲದ ಒಂದು ಸೂಕ್ತ ಮನೆಗೆ ಬಂದ ಕಪೋತವನ್ನು ನಿರ್ಋತಿಯ ದೂತನೆಂದು ಬಗೆದು ಕೇಡಾಗದಿರಲಿ ಎಂದು ಬೇಡುತ್ತದೆ. ಶಿಬಿ ಚಕ್ರವರ್ತಿಯ ಕಥೆಯಲ್ಲಿ ಅದೇ ಕಪೋತಕ್ಕೆ ರಾಜ ತನ್ನ ತೊಡೆಯ ಮಾಂಸವನ್ನೇ ಕೊಯ್ದು ತೂಗುತ್ತಾನೆ. ಪಾರಿವಾಳ ಮನೆ ಸೇರಿದರೆ ಒಳ್ಳೆಯದಲ್ಲ ಎನ್ನುವವರು, ಗೂಡು ಕಟ್ಟಿದರೆ ಶುಭ ಎನ್ನುವವರು ಇಂದಿಗೂ ಒಂದೇ ಕಟ್ಟಡದಲ್ಲಿ ಬಾಳುತ್ತಿದ್ದಾರೆ.

ಮುಳ್ಳು ಎಲ್ಲಿಯವರೆಗೆ ಕೆಲಸ ಮಾಡುತ್ತದೆ

ಈಗ ಸಿಗುವ ಮುಳ್ಳುಪಟ್ಟಿಯ ರಚನೆ ಸರಳ. ಪಾಲಿಕಾರ್ಬೊನೇಟ್ ಪಟ್ಟಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕಡ್ಡಿಗಳನ್ನು ಬೀಸಣಿಗೆಯಂತೆ ಹರಡಿ ನೆಟ್ಟಿರುತ್ತಾರೆ, ಸಿಲಿಕಾನ್ ಅಂಟಿನಿಂದ ಸಜ್ಜಕ್ಕೆ ಕೂರಿಸುತ್ತಾರೆ. ಒಳ್ಳೆಯ ಪಟ್ಟಿಯ ಕಡ್ಡಿಗಳ ತುದಿ ಚೂಪಾಗಿರುವುದಿಲ್ಲ. ಹಕ್ಕಿಯನ್ನು ಚುಚ್ಚುವುದು ಉದ್ದೇಶವಲ್ಲ, ಕಾಲೂರಲು ಜಾಗ ಇಲ್ಲದಂತೆ ಮಾಡುವುದು ಉದ್ದೇಶ. ಪೂರ್ತಿ ಪ್ಲಾಸ್ಟಿಕ್ಕಿನ ಅಗ್ಗದ ಮುಳ್ಳುಗಳು ಬಿಸಿಲಿಗೆ ಬೇಗ ಗರಿಗರಿಯಾಗಿ ಮುರಿಯುತ್ತವೆ.

ಮುಳ್ಳನ್ನು ಒಪ್ಪುವವರ ವಾದ ಗಟ್ಟಿಯಾಗಿದೆ. ವಿಷವಿಲ್ಲ, ಸದ್ದಿಲ್ಲ, ಹಕ್ಕಿ ಸಾಯುವುದಿಲ್ಲ, ಒಮ್ಮೆ ಸರಿಯಾಗಿ ಹಾಕಿದರೆ ವರ್ಷಗಟ್ಟಲೆ ಇರುತ್ತದೆ. ಅಲ್ಟ್ರಾಸೌಂಡ್ ಪೆಟ್ಟಿಗೆಗಳಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಅಷ್ಟು ಎತ್ತರದ ಸ್ವರ ಪಾರಿವಾಳದ ಕಿವಿಗೆ ಬೀಳುವುದೇ ಇಲ್ಲ. ಹಳೆಯ ಸಿಡಿ, ಪ್ಲಾಸ್ಟಿಕ್ ಗೂಬೆಗಳಿಗೆ ಅದು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ.

ಆದರೆ ಹಕ್ಕಿ ಆ ಅಂಚಿಗೆ ಏಕೆ ಬರುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಡೇನಿಯಲ್ ಹಾಗ್-ವಾಕರ್‌ನಾಗೆಲ್ ನಗರದ ಪಾರಿವಾಳಗಳನ್ನು ದಶಕಗಳ ಕಾಲ ಅಭ್ಯಸಿಸಿದವರು. ತಡೆಸಾಧನಗಳನ್ನು ಪರೀಕ್ಷೆಗೊಡ್ಡಿ ಅವರು ತೋರಿಸಿಕೊಟ್ಟದ್ದು ಇಷ್ಟು: ಸುಮ್ಮನೆ ಕೂತು ಸುಧಾರಿಸಿಕೊಳ್ಳಲು ಬರುವ ಹಕ್ಕಿ ಸಣ್ಣ ಅಡ್ಡಿಗೂ ಜಾಗ ಬಿಡುತ್ತದೆ, ಹಸಿವೆಯಿಂದ ಅಥವಾ ಗೂಡಿನ ಸೆಳೆತದಿಂದ ಬರುವ ಹಕ್ಕಿ ಬಹುಪಾಲು ಅಡ್ಡಿಗಳನ್ನು ದಾಟುತ್ತದೆ. ಪಾರಿವಾಳಕ್ಕೆ ತಾನು ಗೂಡು ಕಟ್ಟಿದ ಜಾಗದ ಮೋಹ ಬಿಡದು. ಹಾಗಾಗಿ ಮೊಟ್ಟೆಯಿಟ್ಟ ಸಜ್ಜಕ್ಕೆ ಆಮೇಲೆ ಮುಳ್ಳು ಹಾಕಿದರೆ ಕಡ್ಡಿಗಳ ನಡುವೆಯೇ ಕಸಕಡ್ಡಿ ತುರುಕುತ್ತದೆ, ಮುಳ್ಳು ಗೂಡಿಗೆ ಆಧಾರವಾಗಿ ನಿಲ್ಲುತ್ತದೆ. ಮುಳ್ಳು ಹಾಕುವವರು ಅಂಚಿನ ಅಗಲವನ್ನು ಪೂರ್ತಿ ಮುಚ್ಚದೆ ಮುಂದೆ ಒಂದೇ ಸಾಲು ಕೂರಿಸಿ ಹೋದರಂತೂ ಹಿಂದೆ ಉಳಿದ ಜಾಗ ಗಿಡುಗಕ್ಕೂ ಸಿಗದ ಭದ್ರ ಕೋಟೆಯಾಗುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಇದೇ ಬಗೆಯದು. ಅಡುಗೆಮನೆಯ ಕಿಟಕಿಯ ಸಜ್ಜಕ್ಕೆ ಪಟ್ಟಿ ಹಾಕಲು ಬಂದವರು ಒಣಗಿದ ಹಿಕ್ಕೆಯನ್ನು ಕೆರೆಯದೆ ಅದರ ಮೇಲೆಯೇ ಅಂಟು ಹಚ್ಚಿದರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಪಟ್ಟಿ ಕಳಚಿ ಕೆಳಗಿನ ಮನೆಯ ಸಜ್ಜದ ಮೇಲೆ ಬಿದ್ದಿತ್ತು. ಇನ್ನೊಮ್ಮೆ ಸರಿಯಾಗಿ ಉಜ್ಜಿ ತೊಳೆದು ಹಾಕಿಸಿದೆವು. ಆಗ ಹಕ್ಕಿ ನಿಜಕ್ಕೂ ಬರಲಿಲ್ಲ. ವಾರದ ಮೇಲೆ ಪಕ್ಕದ ಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿ, “ನಿಮ್ಮನೆ ಪಾರಿವಾಳ ಈಗ ನಮ್ಮ ಎಸಿ ಹಿಂದೆ ಮೊಟ್ಟೆ ಇಟ್ಟಿದೆ ಕಣಮ್ಮ” ಎಂದರು. ಅವರಿಗೆ ಉಬ್ಬಸವಿದೆ. ಈ ವಿಷಯವನ್ನು ನಾನು ಓದಲು ಶುರುಮಾಡಿದ್ದು ಆ ಮಾತಿನ ನಂತರ.

ಮುಳ್ಳಿನ ಇನ್ನೊಂದು ಮಿತಿ ಹಕ್ಕಿಯ ಗಾತ್ರ. ಪಾರಿವಾಳಕ್ಕೆಂದು ಅಳೆದ ಕಡ್ಡಿಗಳ ನಡುವೆ ಗುಬ್ಬಿ ಸಲೀಸಾಗಿ ಕೂರುತ್ತದೆ. ಬುದ್ಧಿವಂತ ಹಕ್ಕಿಗಳು ಇನ್ನೂ ಮುಂದೆ ಹೋಗಿವೆ. ನೆದರ್ಲೆಂಡಿನ ನ್ಯಾಚುರಾಲಿಸ್ ಸಂಗ್ರಹಾಲಯದ ಔಕೆ-ಫ್ಲೋರಿಯನ್ ಹೀಮ್‌ಸ್ಟ್ರಾ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪಿನ ಆಸ್ಪತ್ರೆಯೊಂದರ ಅಂಗಳದ ಮರದಲ್ಲಿ ಸಿಕ್ಕ ಮ್ಯಾಗ್‌ಪೈ ಗೂಡಿನ ವಿವರವಿದೆ. ಕಟ್ಟಡದ ಮೇಲೆ ಹಾಕಿದ್ದ ಮುಳ್ಳುಪಟ್ಟಿಗಳನ್ನು ಕಿತ್ತು ತಂದು ಕಟ್ಟಿದ ಆ ಗೂಡಿನಲ್ಲಿ ಸುಮಾರು 1,500 ಕಡ್ಡಿಗಳಿದ್ದವು. ಮ್ಯಾಗ್‌ಪೈ ತನ್ನ ಗೂಡಿಗೆ ಮುಳ್ಳುಕಂಟಿಯ ಚಾವಣಿ ಹೊದಿಸುವ ಹಕ್ಕಿ. ಮನುಷ್ಯ ಹಕ್ಕಿಗೆ ಇಟ್ಟ ಮುಳ್ಳನ್ನು ಅದು ಬೇರೆ ಹಕ್ಕಿಗಳಿಂದ ಮೊಟ್ಟೆ ಕಾಯಲು ಬಳಸಿತ್ತು.

ಕಾಳು ಹಾಕುವ ಕೈ

ಎರಡನೆಯ ಪಂಥದವರು ಮುಳ್ಳು, ಬಲೆ ಎಲ್ಲವನ್ನೂ ಬದಿಗಿಟ್ಟು ಆಹಾರದ ಕಡೆ ಬೆರಳು ತೋರಿಸುತ್ತಾರೆ. ಇವರ ಪ್ರಬಲ ಸಾಕ್ಷ್ಯ ಬಾಸೆಲ್ಲಿನದೇ. ಆ ಊರಿನಲ್ಲಿ 1961ರಿಂದ 1985ರವರೆಗೆ ಸುಮಾರು ಒಂದು ಲಕ್ಷ ಪಾರಿವಾಳಗಳನ್ನು ಹಿಡಿದು, ಗುಂಡಿಕ್ಕಿ ಕೊಂದರು. ಸಂಖ್ಯೆ ಮಾತ್ರ 20,000ದ ಆಸುಪಾಸಿನಲ್ಲೇ ಉಳಿಯಿತು. ಕೊಂದಷ್ಟೂ ಉಳಿದವಕ್ಕೆ ಕಾಳು ಹೆಚ್ಚು ಸಿಕ್ಕಿತು, ಹಸಿವೆಯಿಂದ ಸಾಯಬೇಕಿದ್ದ ಮರಿಗಳು ಬದುಕಿದವು. 1988ರಲ್ಲಿ ನಗರಾಡಳಿತ ದಾರಿ ಬದಲಿಸಿತು. ಜನ ಹಾಕುವ ಅತಿಯಾದ ತಿಂಡಿಯಿಂದ ಕಿಕ್ಕಿರಿದ ಗೂಡು, ರೋಗ, ಮರಿಗಳ ನರಳಾಟ ಹೆಚ್ಚುತ್ತದೆಂದು ಕರಪತ್ರ, ಭಿತ್ತಿಪತ್ರಗಳಲ್ಲಿ ತಿಳಿಹೇಳಿತು. ಜೊತೆಗೆ ಮೇಲ್ವಿಚಾರಣೆಯ ಗೂಡುಮನೆಗಳನ್ನು ಇಟ್ಟು ಮೊಟ್ಟೆ ತೆಗೆಸಿತು. ಐವತ್ತು ತಿಂಗಳಲ್ಲಿ ಸಂಖ್ಯೆ ಅರ್ಧಕ್ಕಿಳಿಯಿತು.

ನಾನು ಓದಿದ್ದರಲ್ಲಿ ನನ್ನನ್ನು ಹೆಚ್ಚು ಒಪ್ಪಿಸಿದ ವಾದ ಇದು. ಮುಳ್ಳು ಒಂದು ಜಾಗವನ್ನು ಮುಚ್ಚುತ್ತದೆ, ಎಷ್ಟು ಹಕ್ಕಿ ಬದುಕಬಹುದು ಎಂಬುದನ್ನು ಕಾಳು ನಿರ್ಧರಿಸುತ್ತದೆ. ಕಾಳು ಹರಿಯುತ್ತಿರುವವರೆಗೆ ಒಂದು ಸಜ್ಜದಿಂದ ಎಬ್ಬಿಸಿದ ಜೋಡಿ ಇನ್ನೊಂದು ಸಜ್ಜ ಹುಡುಕುತ್ತದೆ.

ಆದರೆ ಬಾಸೆಲ್ಲಿನ ಪಾಠವನ್ನು ನಮ್ಮ ಊರಿಗೆ ತರುವುದು ಸುಲಭವಲ್ಲ. ಕಾಳು ಹಾಕುವುದನ್ನು ನಿಷೇಧಿಸಿದ ಊರುಗಳು ಬೇಕಾದಷ್ಟಿವೆ: ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 2003ರಲ್ಲಿ, ವೆನಿಸಿನ ಸಂತ ಮಾರ್ಕನ ಚೌಕದಲ್ಲಿ 2008ರಲ್ಲಿ ನಿಷೇಧ ಬಂತು. ಅಲ್ಲಿ ಕಾಳು ಹಾಕುವುದು ಪ್ರವಾಸಿಗರ ಖುಷಿಯಾಗಿತ್ತು, ಇಲ್ಲಿ ಅದು ವ್ರತ. 2025ರ ಮುಂಬಯಿಯಲ್ಲಿ ಈ ಅಂತರ ಬೀದಿಗೆ ಬಂತು. ಜುಲೈನಲ್ಲಿ ನಗರದ 51 ಕಬೂತರ್‌ಖಾನೆಗಳನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ತಾಣಗಳನ್ನು, ಮುಚ್ಚುವಂತೆ ರಾಜ್ಯ ಸರ್ಕಾರ ಸೂಚಿಸಿತು. ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. ಸಾರ್ವಜನಿಕರ ಆರೋಗ್ಯವೇ ಮುಖ್ಯವೆಂದ ನ್ಯಾಯಾಲಯ ನಿಷೇಧ ಮೀರಿ ಕಾಳು ಹಾಕುವವರ ಮೇಲೆ ಮೊಕದ್ದಮೆ ಹೂಡಲು ಹೇಳಿತು. ದಾದರಿನ ಕಬೂತರ್‌ಖಾನೆಗೆ ಹೊದಿಸಿದ ಟಾರ್ಪಾಲನ್ನು ಆಗಸ್ಟ್ 6ರಂದು ಪ್ರತಿಭಟನಕಾರರು ಕಿತ್ತೆಸೆದರು. ಅವರಲ್ಲಿ ಜೈನ ಸಮುದಾಯದವರು ದೊಡ್ಡ ಸಂಖ್ಯೆಯಲ್ಲಿದ್ದರು. ಹೈಕೋರ್ಟಿನ ಆದೇಶದಲ್ಲಿ ಕೈಹಾಕಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೈಸೂರು ಅರಮನೆಯ ಎದುರು ಮೂಟೆಗಟ್ಟಲೆ ಕಾಳು ಚೆಲ್ಲುವ ರೂಢಿಯ ಬಗೆಗೂ ಪಾರಂಪರಿಕ ಕಟ್ಟಡಗಳ ಕಾಳಜಿಯುಳ್ಳವರು ಇದೇ ಆಕ್ಷೇಪ ಎತ್ತಿದ್ದಾರೆ. ಹಿಕ್ಕೆಯ ಆಮ್ಲ ಕಲ್ಲನ್ನೂ ಗಾರೆಯನ್ನೂ ತಿನ್ನುತ್ತದೆ.

ಕಾಳು ಹಾಕುವವರನ್ನು ಮೂಢರೆಂದು ತಳ್ಳಿಹಾಕುವ ಬರಹಗಳನ್ನು ಓದಿದಾಗ ಬೇಸರವಾಗುತ್ತದೆ. ಒಂಟಿಯಾಗಿ ಬದುಕುವ ಎಷ್ಟೋ ಹಿರಿಯರಿಗೆ ಬೆಳಗಿನ ಆ ಒಂದು ಹಿಡಿ ಜೋಳ ದಿನದ ಮೊದಲ ಮಾತುಕತೆ. ಬಾಸೆಲ್ ಗೆದ್ದದ್ದು ಅಂಥವರ ಕರುಣೆಯನ್ನು ಬೈದು ಅಲ್ಲ, ಆ ಕರುಣೆಗೇ ಮರಿಗಳ ಸ್ಥಿತಿಯನ್ನು ತೋರಿಸಿ.

ಶ್ವಾಸಕೋಶದ ವಾದ

ಮುಳ್ಳು ಹಾಕಿಸುವ ಹೆಚ್ಚಿನವರನ್ನು ನೂಕುವುದು ಭಯ. 1955ರಲ್ಲಿ ಚೆಸ್ಟರ್ ಎಮ್ಮನ್ಸ್ ಪಾರಿವಾಳದ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಶಿಲೀಂಧ್ರವನ್ನು ಗುರುತಿಸಿದರು. 1965ರಲ್ಲಿ ಪಾರಿವಾಳ ಸಾಕುವವರ ಶ್ವಾಸಕೋಶದ ರೋಗ ವೈದ್ಯಕೀಯ ಸಾಹಿತ್ಯಕ್ಕೆ ಬಂತು. ಹಿಕ್ಕೆ ಮತ್ತು ಗರಿಯ ಹುಡಿಯಲ್ಲಿರುವ ಪ್ರೋಟೀನುಗಳನ್ನು ವರ್ಷಗಟ್ಟಲೆ ಉಸಿರಾಡಿದ ಕೆಲವರಲ್ಲಿ ಶ್ವಾಸಕೋಶ ಉರಿಯೂತಗೊಂಡು ಕ್ರಮೇಣ ಗಡುಸಾಗುತ್ತದೆ; ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಎಂಬುದು ಅದರ ಹೆಸರು. ಗಡುಸಾದ ಭಾಗ ಮರಳಿ ಮೆದುವಾಗುವುದಿಲ್ಲ.

ಭಾರತದ 27 ಕೇಂದ್ರಗಳ 1,084 ರೋಗಿಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಐಎಲ್‌ಡಿ (ಶ್ವಾಸಕೋಶದ ಅಂಗಾಂಶಕ್ಕೆ ಉರಿಯೂತ, ಗಡುಸುತನ ತರುವ ರೋಗಗಳ ಗುಂಪು) ರಿಜಿಸ್ಟ್ರಿಯಲ್ಲಿ ಶೇಕಡಾ 47.3 ಮಂದಿಗೆ ಈ ರೋಗವೇ ಇತ್ತು. ಪಾರಿವಾಳದ ವಿರುದ್ಧ ಮಾತನಾಡುವವರು ಈ ಅಂಕಿಯನ್ನು ತಪ್ಪದೆ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ ಈ ರೋಗಿಗಳ ಪೈಕಿ ಶೇಕಡಾ 48.1 ಮಂದಿ ಏರ್‌ಕೂಲರ್ ಗಾಳಿಗೆ ಒಡ್ಡಿಕೊಂಡಿದ್ದರು ಎಂಬುದನ್ನು ಹೇಳುವವರು ಕಡಿಮೆ. ಹಕ್ಕಿ ಒಂದು ಕಾರಣ ಹೌದು, ಒಂದೇ ಕಾರಣವಲ್ಲ.

ಸೋಂಕಿನ ಲೆಕ್ಕವೂ ಹೀಗೆಯೇ. ಹಾಗ್-ವಾಕರ್‌ನಾಗೆಲ್ ಮತ್ತು ಮೋಖ್ 2004ರಲ್ಲಿ ಮಾಡಿದ ಪರಿಶೀಲನೆಯಲ್ಲಿ ಬೀದಿ ಪಾರಿವಾಳಗಳಲ್ಲಿ ಮನುಷ್ಯರಿಗೆ ರೋಗ ತರಬಲ್ಲ 60 ಜೀವಿಗಳು ಪತ್ತೆಯಾಗಿದ್ದವು. ಆದರೆ 1941ರಿಂದ 2003ರವರೆಗೆ ಹಕ್ಕಿಯಿಂದ ಮನುಷ್ಯರಿಗೆ ಹರಡಿದ್ದೆಂದು ದಾಖಲಾದ ಪ್ರಕರಣಗಳು 176 ಮಾತ್ರ. ಆರೋಗ್ಯವಂತರಿಗೆ ಅಪಾಯ ಕಡಿಮೆ. ಉಬ್ಬಸ ಇರುವವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಮಾತು ಬೇರೆ. ಇದರಿಂದ ಹೊರಡುವ ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲ ಪಂಥದವರೂ ಒಪ್ಪುತ್ತಾರೆ: ಒಣ ಹಿಕ್ಕೆಯನ್ನು ಎಂದೂ ಪೊರಕೆಯಿಂದ ಗುಡಿಸಬಾರದು. ನೀರು ಚಿಮುಕಿಸಿ ನೆನೆಸಿ, ಒಳ್ಳೆಯ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು. ಮುಳ್ಳು ಹಾಕಲು ಬರುವ ಕೂಲಿ ಹುಡುಗರು ಬರಿಮುಖದಲ್ಲಿ ಸಜ್ಜ ಕೆರೆಯುವುದನ್ನು ನಾವು ಕಿಟಕಿಯ ಒಳಗಿಂದ ನೋಡುತ್ತಿರುತ್ತೇವೆ. ಆ ದಿನದ ಅತಿ ಹೆಚ್ಚಿನ ಧೂಳು ಹೋಗುವುದು ಅವರ ಎದೆಗೆ.

ಜೀವದಯೆಯ ಪಂಥ

2017ರ ಕೊನೆಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ, ಕಾರುಗಳ ಮೇಲೆ ಹಿಕ್ಕೆ ಬೀಳದಿರಲೆಂದು ಮರದ ಕೊಂಬೆಗಳಿಗೇ ಮುಳ್ಳುಪಟ್ಟಿ ಬಿಗಿದ ಚಿತ್ರಗಳು ಜಗತ್ತಿನೆಲ್ಲೆಡೆ ಹರಡಿದವು. ಕಟ್ಟಡದ ಮೇಲೆ ಮುಳ್ಳನ್ನು ಕಂಡು ಸುಮ್ಮನಿದ್ದವರೂ ಮರದ ಮೇಲೆ ಕಂಡಾಗ ಸಿಟ್ಟಾದರು. ಹಕ್ಕಿಯ ಪಾಲಿನದೆಂದು ನಾವು ಒಪ್ಪುವ ಜಾಗ ಯಾವುದು ಎಂಬ ಪ್ರಶ್ನೆ ಆ ಸಿಟ್ಟಿನಲ್ಲಿತ್ತು.

ಪ್ರಾಣಿದಯೆಯವರಲ್ಲೂ ಒಮ್ಮತವಿಲ್ಲ. ಕೆಲವರಿಗೆ ಮೊಂಡು ತುದಿಯ ಮುಳ್ಳು ಒಪ್ಪಿಗೆ, ಸಡಿಲ ಬಲೆ ಅಲ್ಲ. ಬಲೆಯ ಕಣ್ಣು 50 ಮಿಲಿಮೀಟರ್ ಇದ್ದು ಬಿಗಿಯಾಗಿದ್ದರೆ ಪಾರಿವಾಳ ಹೊರಗುಳಿಯುತ್ತದೆ. ಜೋತುಬಿದ್ದರೆ, ಹರಿದರೆ ಹದ್ದು, ಗೂಬೆಗಳೂ ಸಿಕ್ಕಿ ರೆಕ್ಕೆ ಮುರಿದುಕೊಳ್ಳುತ್ತವೆ. ಹಕ್ಕಿಯ ಕಾಲಿಗೆ ಮೆತ್ತುವ ಅಂಟನ್ನು ಅಂಚಿಗೆ ಬಳಿಯುವುದಂತೂ ಯಾವ ಲೆಕ್ಕದಲ್ಲೂ ಕ್ರೌರ್ಯ.

ಸಂಖ್ಯೆಯನ್ನೇ ಮೆತ್ತಗೆ ಇಳಿಸುವ ದಾರಿಗಳನ್ನು ಇವರು ಮುಂದಿಡುತ್ತಾರೆ. ಜರ್ಮನಿಯ ಔಗ್ಸ್‌ಬರ್ಗಿನಲ್ಲಿ 1990ರ ದಶಕದಿಂದ ಗೂಡುಮನೆ ಕಟ್ಟಿ ನಿಜ ಮೊಟ್ಟೆಯ ಬದಲು ಹುಸಿ ಮೊಟ್ಟೆ ಇಡುತ್ತಾರೆ. ಬಾರ್ಸಿಲೋನಾ 2017ರಿಂದ ನಿಕಾರ್ಬಜಿನ್ ಲೇಪಿಸಿದ ಜೋಳವನ್ನು ಯಂತ್ರಗಳ ಮೂಲಕ ಉಣಿಸಿ ಮೊಟ್ಟೆ ಫಲಿಸದಂತೆ ಮಾಡುತ್ತಿದೆ. ಅದೇ ಜರ್ಮನಿಯ ಲಿಂಬುರ್ಗ್ ಊರಿನ ಮತದಾರರು ಮಾತ್ರ 2024ರಲ್ಲಿ ಪಾರಿವಾಳಗಳನ್ನು ಕೊಂದು ಸಂಖ್ಯೆ ಇಳಿಸುವ ನಗರಸಭೆಯ ನಿರ್ಧಾರವನ್ನೇ ಎತ್ತಿಹಿಡಿದರು.

ಕಟ್ಟುವಾಗಲೇ ಯೋಚಿಸುವವರು

ವಾಸ್ತುಶಿಲ್ಪಿಗಳ ಮಾತು ಚಿಕ್ಕದು, ಆದರೆ ತೂಕದ್ದು. ಸಜ್ಜದ ಮೇಲ್ಮೈಯನ್ನು 45 ಡಿಗ್ರಿಯಷ್ಟು ಇಳಿಜಾರು ಮಾಡಿ ನುಣುಪಾಗಿ ಗಾರೆ ಮಾಡಿದರೆ ಹಕ್ಕಿಯ ಕಾಲು ನಿಲ್ಲುವುದಿಲ್ಲ. ಡಕ್ಟಿನ ಬಾಯಿಗೆ ಮೊದಲೇ ಜಾಲರಿ, ಎಸಿ ಪೆಟ್ಟಿಗೆಗೆ ಮುಚ್ಚಿದ ಗೂಡು ಇಟ್ಟರೆ ಮುಳ್ಳಿನ ಮಾತೇ ಬರುವುದಿಲ್ಲ. ಕಟ್ಟಿದ ಮೇಲೆ ಹತ್ತನೆಯ ಮಹಡಿಯಲ್ಲಿ ಹಗ್ಗ ಕಟ್ಟಿಕೊಂಡು ನೇತಾಡುವ ಕೆಲಸಗಾರನ ಜೀವವೂ ಉಳಿಯುತ್ತದೆ.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಜಾಗ ಮತ್ತು ಕಾಳುಗಳ ನಡುವಿನ ಲೆಕ್ಕ. ಬಾಸೆಲ್ಲಿನಲ್ಲಿ ಕಾಳು ಎಲ್ಲೆಯಾಗಿತ್ತು. ನಮ್ಮ ನಗರಗಳಲ್ಲಿ ದಿನಸಿ ಮಂಡಿ, ಬಯಲ ಕಸ, ದೇವಸ್ಥಾನದ ಅಂಗಳ, ಮನೆಮನೆಯ ಹಿಡಿಗಾಳು ಎಲ್ಲವೂ ಇವೆ. ಪಾರಿವಾಳ ಹೆಚ್ಚಿದ ವರ್ಷಗಳಲ್ಲೇ ಸಜ್ಜಗಳ ಸಂಖ್ಯೆಯೂ ವಿಪರೀತ ಏರಿದೆ. ಹೆಚ್ಚಳದಲ್ಲಿ ಯಾವುದರ ಪಾಲು ಎಷ್ಟು ಎಂಬುದು ಬೇರ್ಪಡದೆ, ಒಂದು ಬಡಾವಣೆಯ ಮುಳ್ಳು ಹಕ್ಕಿಗಳನ್ನು ಕಡಿಮೆ ಮಾಡಿತೋ ಪಕ್ಕದ ಬಡಾವಣೆಗೆ ಕಳಿಸಿತೋ ಹೇಳಲಾಗದು.

ಗುಬ್ಬಿಯ ಪ್ರಶ್ನೆಯೂ ಇದೆ. ಗುಬ್ಬಿ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಬೆಂಗಳೂರು ಸೇರಿ ಮಹಾನಗರಗಳಲ್ಲಿ ಕುಗ್ಗಿದೆ ಎಂದು 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಹೇಳಿತ್ತು. ಪಾರಿವಾಳ ಅದರ ಜಾಗವನ್ನು ಕಸಿದುಕೊಂಡಿತೇ, ಹುಳು ಮತ್ತು ಗೂಡಿನ ಬಿರುಕು ಇಲ್ಲವಾಗಿ ಅದು ತಾನೇ ಹೋಯಿತೇ ಎಂಬುದರಲ್ಲಿ ಪಕ್ಷಿತಜ್ಞರು ಒಂದಾಗಿಲ್ಲ.

ವೈದ್ಯರಿಗೆ ಉಳಿದಿರುವುದು ಪ್ರಮಾಣದ ಪ್ರಶ್ನೆ. ಹಕ್ಕಿ ಸಾಕುವವನ ಗೂಡುಮನೆಯ ಧೂಳಿಗೂ ಮುಚ್ಚಿದ ಕಿಟಕಿಯಾಚೆಯ ಒಂದು ಜೋಡಿಗೂ ಅಜಗಜಾಂತರ. ಎಷ್ಟು ಹಕ್ಕಿ, ಎಷ್ಟು ಹತ್ತಿರ, ಎಷ್ಟು ವರ್ಷ ಇದ್ದರೆ ಎದೆಗೆ ಕೇಡು, ಯಾರ ಎದೆಗೆ ಕೇಡು ಎಂಬುದು ಸ್ಪಷ್ಟವಾದರೆ ಅನಗತ್ಯ ಭಯವೂ ಅನಗತ್ಯ ಉಡಾಫೆಯೂ ಕಡಿಮೆಯಾದೀತು.

ಕೊನೆಯದು ಹೊಣೆಯ ಪ್ರಶ್ನೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಕಟ್ಟಡದ ಮುಖ್ಯ ಗೋಡೆ, ಸೂರುಗಳನ್ನು ಎಲ್ಲರ ಸಾಮಾನ್ಯ ಭಾಗವೆಂದು ಎಣಿಸುತ್ತದೆ. ಹಾಗಾದರೆ ನನ್ನ ಕಿಟಕಿಯ ಹೊರಗಿನ ಸಜ್ಜಕ್ಕೆ ಮುಳ್ಳು ಹಾಕುವ ತೀರ್ಮಾನ ನನ್ನದೇ, ಸಂಘದ್ದೇ? ಮೂರನೆಯ ಮಹಡಿಯವರು ಕಾಳು ಹಾಕಿ ನಾಲ್ಕನೆಯ ಮಹಡಿಯವರು ಮುಳ್ಳು ಹಾಕಿದರೆ ಐದನೆಯ ಮಹಡಿಯಲ್ಲಿ ಬಂದು ಕೂತ ಹಕ್ಕಿಯ ಖರ್ಚು ಯಾರದು? ನಮ್ಮ ಸಂಘದ ಸಭೆಯಲ್ಲಿ ಈ ವಿಷಯ ಎರಡು ಸಲ ಬಂದು ಎರಡು ಸಲವೂ ಮುಂದಕ್ಕೆ ಹೋಗಿದೆ. ಪಕ್ಕದ ಮನೆಯ ಎಸಿ ಹಿಂದಿನ ಮರಿಗಳು ಅಷ್ಟರಲ್ಲಿ ಹಾರಿಹೋದವು. ಆ ಜೋಡಿ ಮತ್ತೆ ಎರಡು ಮೊಟ್ಟೆ ಇಟ್ಟಿದೆ.